ಊರಿನ ಹುಡುಗನೊಬ್ಬ ‘ನಾನಿದ್ದು ಏನು ಪ್ರಯೋಜನ’ ಎಂದರೆ ಊರಿನವರು ಏನು ಮಾಡಬೇಕು?

ಪ್ರಶ್ನೆ: ಡಾಕ್ಟರೇ, ನಾನು ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯವನು. ತೋಟ ನೋಡಿಕೊಂಡು, ಊರಿನ ಯುವಕ ಸಂಘದ ಕಾರ್ಯದರ್ಶಿಯಾಗಿಯೂ ಇದ್ದೇನೆ. ಕಳೆದ ಮಳೆಗಾಲದಲ್ಲಿ ನಮ್ಮ ವಾಲಿಬಾಲ್ ತಂಡದ ಹುಡುಗನೊಬ್ಬ ಆತ್ಮಹತ್ಯೆ ಮಾಡಿಕೊಂಡ. ಅದಕ್ಕೆ ಎರಡು ದಿನ ಮೊದಲು ನನಗೆ ಫೋನ್ ಮಾಡಿದ್ದ. ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಸುವ ಗಡಿಬಿಡಿಯಲ್ಲಿ ನಾನು ತೆಗೆಯಲಿಲ್ಲ. ಅದು ಇವತ್ತಿಗೂ ಮನಸ್ಸಿನಿಂದ ಹೋಗಿಲ್ಲ. ಈಗ ಅವನ ಜೀವದ ಗೆಳೆಯನ ಬಗ್ಗೆ ನನಗೆ ಭಯ. ಇಪ್ಪತ್ತು ವರ್ಷದ ಹುಡುಗ. ಗೆಳೆಯ ಹೋದ ಕೆಲವೇ ತಿಂಗಳಲ್ಲಿ ಬರೆದ ಪರೀಕ್ಷೆಯಲ್ಲಿ ಎರಡು ವಿಷಯ ಉಳಿಸಿಕೊಂಡು, ಶಿವಮೊಗ್ಗದ ಹಾಸ್ಟೆಲ್ ಬಿಟ್ಟು ಮನೆಗೆ ಬಂದಿದ್ದಾನೆ. ಆಟಕ್ಕೆ ಬರುವುದಿಲ್ಲ, ರಾತ್ರಿಯೆಲ್ಲ ಎಚ್ಚರವಿರುತ್ತಾನೆ, ಕುಡಿಯುವುದನ್ನು ಕಲಿತಿದ್ದಾನೆ. ಮೊನ್ನೆ ‘ಅಣ್ಣ, ನಾನಿದ್ದು ಯಾರಿಗೆ ಏನು ಪ್ರಯೋಜನ? ಹೋಗಿಬಿಟ್ಟರೆ ಎಲ್ಲರಿಗೂ ನಿರಾಳ’ ಎಂದ. ಯಾರಿಗೂ ಹೇಳಬಾರದೆಂದು ಭಾಷೆ ತೆಗೆದುಕೊಂಡಿದ್ದಾನೆ. ಮನೆಯವರಿಗೆ ಹೇಳಲೇ, ಬೇಡವೇ? ನೇರವಾಗಿ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ಹಾಕಿದ ಹಾಗಾಗುವುದಿಲ್ಲವೇ? ಅವನ ತಾಯಿ ನಿಮಿತ್ತ ಕೇಳಿಸಲು ಓಡಾಡುತ್ತಿದ್ದಾರೆ. ತಂದೆಯದು ಒಂದೇ ಮಾತು: ಮಾನಸಿಕ ಡಾಕ್ಟರ ಹತ್ತಿರ ಹೋದರೆ ಮಗಳಿಗೆ ಸಂಬಂಧ ಬರುವುದಿಲ್ಲ, ಮೇಲಿಂದ ಪೊಲೀಸರ ಕಾಟ. ನಮ್ಮ ಸಂಘದವರು ಈ ಸಲ ಗಣಪತಿ ಹಬ್ಬಕ್ಕೆ ಯಾರನ್ನಾದರೂ ಕರೆಸಿ ಆತ್ಮಹತ್ಯೆಯ ಬಗ್ಗೆ ಭಾಷಣ ಮಾಡಿಸೋಣ ಎನ್ನುತ್ತಿದ್ದಾರೆ. ಇದರಿಂದ ಉಪಯೋಗವಿದೆಯೇ? ನಾವು ಏನು ಮಾಡಬೇಕು?

ಉತ್ತರ: ನಿಮ್ಮ ಪತ್ರ ಕೈಗೆ ಬಂದ ದಿನವೇ ನಿಮ್ಮೊಂದಿಗೆ ಫೋನಿನಲ್ಲಿ ಮಾತಾಡಿದ್ದೇನೆ. ಹುಡುಗನನ್ನು ಎಲ್ಲಿಗೆ, ಯಾರ ಜೊತೆ ಕರೆತರಬೇಕೆಂಬುದು ಅಂದೇ ನಿಶ್ಚಯವಾಗಿದೆ. ಇಂಥ ವಿಷಯ ಅಂಕಣದ ಸರದಿಗಾಗಿ ಕಾಯುವಂಥದ್ದಲ್ಲ. ಆದರೂ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ, ಏಕೆಂದರೆ ತೀರ್ಥಹಳ್ಳಿ, ಸಾಗರ, ಸೊರಬದ ಕಡೆಯಿಂದ ನನಗೆ ಬರುವ ಪ್ರಶ್ನೆಗಳಲ್ಲಿ ಬಹುಪಾಲು ಇದೇ ಬಗೆಯವು. ಹುಡುಗನ ಗುರುತು ಹತ್ತದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ನೀವು ಕೇಳಿರುವ ಎಲ್ಲ ಪ್ರಶ್ನೆಗಳ ಅಡಿಯಲ್ಲಿ ಒಂದೇ ಆತಂಕವಿದೆ. ಬಾಯಿ ಬಿಟ್ಟರೆ ಕೆಡುಕಾಗುತ್ತದೆಯೋ, ಬಿಡದಿದ್ದರೆ ಕೆಡುಕಾಗುತ್ತದೆಯೋ ಎಂಬುದು. ಬಾಯಿ ಬಿಡಬೇಕು. ಅದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ.

ಮೊದಲು ಆ ಭಾಷೆಯ ವಿಷಯ. ಜೀವದ ಪ್ರಶ್ನೆ ಬಂದಾಗ ಗುಟ್ಟು ಕಾಯುವ ಮಾತು ನಿಲ್ಲುವುದಿಲ್ಲ. ವೈದ್ಯರಾದ ನಮಗೂ ರೋಗಿಯ ಮಾತನ್ನು ಹೊರಗೆ ಬಿಡದಿರುವ ಕಟ್ಟುಪಾಡಿದೆ, ಆದರೆ ಜೀವಕ್ಕೆ ಅಪಾಯವಿದ್ದಾಗ ಅದನ್ನು ತಡೆಯಲು ಬೇಕಾದಷ್ಟನ್ನು ಹೇಳಬಹುದೆಂದು ಕಾನೂನೇ ಅನುಮತಿಸುತ್ತದೆ. ಹಾಗೆಂದು ಅವನ ಬೆನ್ನ ಹಿಂದೆ ಹೋಗಿ ಹೇಳಬೇಡಿ. ‘ನೋಡು ಮಾರಾಯ, ಇದನ್ನು ನಾನೊಬ್ಬನೇ ಇಟ್ಟುಕೊಳ್ಳುವುದಕ್ಕೆ ಆಗುವುದಿಲ್ಲ. ನಿನ್ನ ಮೇಲೆ ನನಗೆ ಅಷ್ಟು ಜೀವ. ಯಾರಿಗೆ ಹೇಳೋಣ, ಅಪ್ಪಯ್ಯನಿಗೋ ಅಮ್ಮನಿಗೋ ಅಕ್ಕನಿಗೋ, ನೀನೇ ಹೇಳು’ ಎಂದು ಅವನ ಎದುರಿಗೇ ಹೇಳಿ. ಯಾರಿಗೆ ಹೇಳಬೇಕೆಂಬ ಆಯ್ಕೆ ಅವನದಾಗಲಿ. ಹೇಳಬೇಕೋ ಬೇಡವೋ ಎಂಬುದು ಮಾತ್ರ ಅವನಿಗೆ ಬಿಟ್ಟದ್ದಲ್ಲ. ಆ ಗಳಿಗೆಯಲ್ಲಿ ಸಿಟ್ಟು ಬರಬಹುದು, ನಾಲ್ಕು ದಿನ ಮಾತು ಬಿಡಬಹುದು. ಸಿಟ್ಟಾದ ಗೆಳೆಯನನ್ನು ಮತ್ತೆ ಒಲಿಸಿಕೊಳ್ಳಬಹುದು.

ಇನ್ನು ನೇರವಾಗಿ ಕೇಳುವುದು. ಕೇಳಿದರೆ ಯೋಚನೆ ಹುಟ್ಟುತ್ತದೆ ಎಂಬ ಭಯ ಓದಿದವರಲ್ಲೂ ಇದೆ, ಶಿಕ್ಷಕರಲ್ಲೂ ಇದೆ. ಇದನ್ನು ಪರೀಕ್ಷಿಸಿ ನೋಡಿದ್ದಾರೆ. ಅಮೆರಿಕದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಪ್ರೌಢಶಾಲಾ ವಿದ್ಯಾರ್ಥಿಗಳಲ್ಲಿ ಅರ್ಧದಷ್ಟು ಜನರಿಗೆ ಆತ್ಮಹತ್ಯೆಯ ಪ್ರಶ್ನೆಗಳನ್ನು ಕೇಳಿ, ಉಳಿದವರಿಗೆ ಕೇಳದೆ ನೋಡಿದ ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಕೇಳಿಸಿಕೊಂಡವರಲ್ಲಿ ಆ ಯೋಚನೆ ಹೆಚ್ಚಾಗಲಿಲ್ಲ. ಮೊದಲೇ ಖಿನ್ನತೆಯಿಂದ ನರಳುತ್ತಿದ್ದ ಮಕ್ಕಳಲ್ಲಿ ಸಂಕಟ ಹೆಚ್ಚುವ ಬದಲು ಸ್ವಲ್ಪ ಕಡಿಮೆಯೇ ಇತ್ತು. ನನ್ನ ಅನುಭವವೂ ಅದೇ. ‘ಸಾಯಬೇಕು ಎಂದು ಅನ್ನಿಸುತ್ತಿದೆಯಾ?’ ಎಂದು ಮೆಲ್ಲಗೆ, ಮುಖ ನೋಡಿ ಕೇಳಿದಾಗ ಹುಡುಗರು ಬೆಚ್ಚಿಬೀಳುವುದಿಲ್ಲ. ಬಹಳ ಮಂದಿ ಅಳುತ್ತಾರೆ. ಅಷ್ಟು ದಿನ ಒಬ್ಬರೇ ಹೊತ್ತುಕೊಂಡಿದ್ದನ್ನು ಇಳಿಸಲು ಒಂದು ಜಾಗ ಸಿಕ್ಕಿತಲ್ಲ ಎಂಬ ಅಳು ಅದು.

ಕೇಳುವಾಗ ಪದಗಳನ್ನು ಸುತ್ತಿ ಬಳಸಬೇಡಿ. ‘ನೀನು ಅಂಥದ್ದೇನೂ ಮಾಡಿಕೊಳ್ಳುವುದಿಲ್ಲ ತಾನೇ?’ ಎಂದು ಕೇಳಿದರೆ ‘ಇಲ್ಲ’ ಎನ್ನುವುದನ್ನು ಬಿಟ್ಟು ಅವನಿಗೆ ಬೇರೆ ದಾರಿಯೇ ಇರುವುದಿಲ್ಲ. ‘ಹೌದು’ ಎಂದರೆ ಗಾಬರಿ ತೋರಿಸದೆ, ಯಾವಾಗಿನಿಂದ, ಎಷ್ಟು ಸಲ, ಏನಾದರೂ ತಯಾರಿ ಮಾಡಿಕೊಂಡಿದ್ದಾನೆಯೇ, ಈ ಹಿಂದೆ ಪ್ರಯತ್ನಿಸಿದ್ದನೇ ಎಂದು ಕೇಳಿ. ತಯಾರಿಯಿದ್ದರೆ, ಹಿಂದೆ ಪ್ರಯತ್ನ ನಡೆದಿದ್ದರೆ, ಅಥವಾ ಅವನು ಆ ಹೊತ್ತಿಗೆ ಕುಡಿದಿದ್ದರೆ ಅದು ತುರ್ತು. ಒಂದು ಕ್ಷಣವೂ ಒಬ್ಬನನ್ನೇ ಬಿಡದೆ ಅವತ್ತೇ ಆಸ್ಪತ್ರೆಗೆ ಕರೆತರಬೇಕು. ಉಳಿದಂತೆ ‘ನಿನಗಿಂತ ಕಷ್ಟದಲ್ಲಿರುವವರು ಎಷ್ಟು ಮಂದಿಯಿಲ್ಲ’, ‘ಅಪ್ಪ ಅಮ್ಮನ ಮುಖವನ್ನಾದರೂ ನೋಡು’ ಎಂಬ ಮಾತುಗಳನ್ನು ದಯವಿಟ್ಟು ಆಡಬೇಡಿ. ಒಳ್ಳೆಯ ಮನಸ್ಸಿನಿಂದಲೇ ಎಲ್ಲರೂ ಆಡುವ ಮಾತುಗಳು ಇವು, ಆದರೆ ತಾನು ಎಲ್ಲರಿಗೂ ಹೊರೆ ಎಂದು ನಂಬಿಕೊಂಡವನ ಕಿವಿಗೆ ಇವು ಆ ಹೊರೆಯನ್ನು ಇನ್ನಷ್ಟು ಹೆಚ್ಚಿಸುತ್ತವೆ. ‘ಹೇಳಿದ್ದು ಒಳ್ಳೆಯದಾಯಿತು, ನಾನು ಇಲ್ಲೇ ಇದ್ದೇನೆ’ ಎಂದರೆ ಸಾಕು.

‘ಹೇಳುವವರು ಮಾಡಿಕೊಳ್ಳುವುದಿಲ್ಲ’ ಎಂಬುದು ನಿಮ್ಮ ಊರಿನಲ್ಲೂ ಯಾರಾದರೂ ಹೇಳಿಯೇ ಹೇಳುತ್ತಾರೆ. ಅದು ಸುಳ್ಳು. ಆತ್ಮಹತ್ಯೆಯಿಂದ ತೀರಿಕೊಂಡವರಲ್ಲಿ ಅನೇಕರು ಅದಕ್ಕೆ ಮೊದಲು ಯಾರ ಬಳಿಯಾದರೂ, ಯಾವುದಾದರೂ ರೂಪದಲ್ಲಿ ಹೇಳಿಕೊಂಡಿರುತ್ತಾರೆ. ಸಾಯಬೇಕೆಂದು ಒಮ್ಮೆ ನಿರ್ಧರಿಸಿದವರನ್ನು ಯಾರೂ ತಡೆಯಲಾಗದು ಎಂಬ ಮಾತೂ ಅಷ್ಟೇ ಸುಳ್ಳು. ಒಮ್ಮೆ ಪ್ರಯತ್ನಿಸಿ ಬದುಕುಳಿದ ಹತ್ತು ಮಂದಿಯಲ್ಲಿ ಸುಮಾರು ಒಂಬತ್ತು ಮಂದಿ ಮುಂದೆ ಆತ್ಮಹತ್ಯೆಯಿಂದ ಸಾಯುವುದಿಲ್ಲ ಎಂಬುದನ್ನು ವರ್ಷಗಟ್ಟಲೆ ಅಂಥವರನ್ನು ಹಿಂಬಾಲಿಸಿದ ಅಧ್ಯಯನಗಳು ತೋರಿಸಿವೆ. ಸಾಯುವ ಆಸೆ ಸ್ಥಿರವಾಗಿ ಕೂತಿರುವಂಥದ್ದಲ್ಲ, ಏರುತ್ತದೆ, ಇಳಿಯುತ್ತದೆ. ಯುವಕರಲ್ಲಿ ಅದು ತುತ್ತತುದಿಗೆ ಏರುವ ಗಳಿಗೆ ಎಷ್ಟೋ ಸಲ ಬಹಳ ಚಿಕ್ಕದು. ಆ ಗಳಿಗೆಯಲ್ಲಿ ಪಕ್ಕದಲ್ಲಿ ಮನುಷ್ಯರಿದ್ದರೆ, ಅಪಾಯದ ವಸ್ತು ಕೈಗೆ ಸಿಗದಿದ್ದರೆ ಅದು ದಾಟಿಹೋಗುತ್ತದೆ.

ಆದ್ದರಿಂದ ಫೋನಿನಲ್ಲಿ ನಾನು ಮೊದಲು ಕೇಳಿದ್ದು ಮನೆಯಲ್ಲಿ ಏನೇನಿದೆ ಎಂದು. ನಮ್ಮ ತೋಟದ ಮನೆಗಳಲ್ಲಿ ಬೆಳೆಗೆ ತಂದ ಔಷಧಿ ಕೊಟ್ಟಿಗೆಯಲ್ಲೋ ಅಟ್ಟದಲ್ಲೋ ಸದಾ ಇರುತ್ತದೆ. ಒಳಗಿನ ಕಪಾಟಿನಲ್ಲಿ ಅಜ್ಜಿಯ ಹಳೆಯ ಮಾತ್ರೆಗಳ ರಾಶಿ. ಕೆಲವು ಮನೆಗಳಲ್ಲಿ ಬೆಳೆ ಕಾಯುವ ಕೋವಿ. ಹುಡುಗ ಸುಧಾರಿಸುವವರೆಗೆ ಇವು ಆ ಮನೆಯ ಆವರಣದಲ್ಲೇ ಇರಬಾರದು. ಬೀಗ ಹಾಕಿಟ್ಟರೆ ಸಾಲದೇ ಎಂದು ಹಲವರು ಕೇಳುತ್ತಾರೆ. ಶ್ರೀಲಂಕಾದ ಹಳ್ಳಿಗಳಲ್ಲಿ ಕೀಟನಾಶಕ ಇಡಲು ಮನೆಮನೆಗೂ ಬೀಗದ ಪೆಟ್ಟಿಗೆ ಕೊಟ್ಟು ನೋಡಿದ ದೊಡ್ಡ ಅಧ್ಯಯನದ ಫಲಿತಾಂಶ 2017ರಲ್ಲಿ ಬಂತು. ನಿರೀಕ್ಷಿಸಿದ ಪ್ರಯೋಜನ ಕಾಣಲಿಲ್ಲ. ಬೀಗದ ಕೈ ಎಲ್ಲಿರುತ್ತದೆ ಎಂಬುದು ಮನೆಯ ಎಲ್ಲರಿಗೂ ಗೊತ್ತಿರುತ್ತದಲ್ಲ. ಅದೇ ದೇಶದಲ್ಲಿ ಅತಿ ಅಪಾಯಕಾರಿ ಕೀಟನಾಶಕಗಳನ್ನು ಸರ್ಕಾರ ಒಂದೊಂದಾಗಿ ನಿಷೇಧಿಸುತ್ತಾ ಬಂದಾಗ, 1995ರ ನಂತರದ ಎರಡು ದಶಕಗಳಲ್ಲಿ ಆತ್ಮಹತ್ಯೆಯ ಪ್ರಮಾಣ ಸುಮಾರು ಶೇಕಡ 70ರಷ್ಟು ಇಳಿಯಿತು. ಕೃಷಿಯ ಇಳುವರಿಗೆ ಅದರಿಂದ ಹೊಡೆತ ಬೀಳಲಿಲ್ಲ. ಕೈಗೆಟುಕದಂತೆ ಮಾಡುವುದೇ ಮುಖ್ಯ ಎಂಬುದು ಇದರಿಂದ ತಿಳಿಯುತ್ತದೆ. ಔಷಧಿಯನ್ನು ದೂರದ ನೆಂಟರ ಮನೆಗೆ ಸಾಗಿಸಿ, ಬೇಕಾದ ದಿನ ಬೇಕಾದಷ್ಟೇ ತರಿಸಿ. ಪರವಾನಗಿಯ ಕೋವಿಯನ್ನು ಬೇರೆಯವರ ಮನೆಯಲ್ಲಿಡುವುದು ಕಾನೂನಿಗೆ ಸರಿಹೋಗದು. ಚುನಾವಣೆಯ ಸಮಯದಲ್ಲಿ ಇಡುವ ಹಾಗೆ ಠಾಣೆಯಲ್ಲಿ ಠೇವಣಿ ಇಡುವ ಬಗ್ಗೆ ವಿಚಾರಿಸಿ.

ಪೊಲೀಸರ ಭಯದ ಬಗ್ಗೆ. ಆತ್ಮಹತ್ಯೆಯ ಯೋಚನೆ ಬಂದಿದೆ ಎಂದು ವೈದ್ಯರಿಗೆ ಹೇಳುವುದು ಯಾವ ಕಾಲದಲ್ಲೂ ಅಪರಾಧವಾಗಿರಲಿಲ್ಲ. ಪ್ರಯತ್ನವನ್ನು ಶಿಕ್ಷಿಸುತ್ತಿದ್ದ, ಹಳೆಯ ಭಾರತೀಯ ದಂಡ ಸಂಹಿತೆಯ 309ನೇ ಕಲಮನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಮು ಹೆಚ್ಚುಕಡಿಮೆ ನಿಷ್ಕ್ರಿಯಗೊಳಿಸಿತ್ತು. ಪ್ರಯತ್ನಿಸಿದ ವ್ಯಕ್ತಿ ತೀವ್ರ ಒತ್ತಡದಲ್ಲಿದ್ದನೆಂದೇ ಭಾವಿಸಬೇಕು, ಶಿಕ್ಷಿಸಬಾರದು, ಅವನಿಗೆ ಆರೈಕೆ ಕೊಡುವುದು ಸರ್ಕಾರದ ಹೊಣೆ ಎಂದು ಅದು ಹೇಳುತ್ತದೆ. ದಂಡ ಸಂಹಿತೆಯ ಬದಲಿಗೆ 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಹಳೆಯ ಕಲಮೇ ಇಲ್ಲ. ಸರ್ಕಾರಿ ನೌಕರರ ಮೇಲೆ ಒತ್ತಡ ಹೇರಲೆಂದು ಮಾಡುವ ಪ್ರಯತ್ನಕ್ಕೆ ಮಾತ್ರ ಬೇರೆ ಕಲಮು ಇದೆ. ಪ್ರಯತ್ನ ನಡೆದು ಆಸ್ಪತ್ರೆಗೆ ಬಂದಾಗ ಠಾಣೆಗೆ ಮಾಹಿತಿ ಹೋಗುವ ಪದ್ಧತಿ ಈಗಲೂ ಇದೆ, ಹೇಳಿಕೆ ಪಡೆಯಲು ಒಬ್ಬರು ಬರಬಹುದು. ಅದಕ್ಕೆ ಹೆದರಿ ಆಸ್ಪತ್ರೆಗೆ ತರುವುದನ್ನು ಗಂಟೆಗಟ್ಟಲೆ ತಡಮಾಡಿದ ಮನೆಗಳನ್ನು ನಾನು ಕಂಡಿದ್ದೇನೆ. ಹಾಗೆ ಮಾಡಬೇಡಿ.

ಈಗ, ಇದೆಲ್ಲ ಏಕೆ ಆಗುತ್ತಿದೆ ಎಂಬುದು. 2022ರಲ್ಲಿ ನಮ್ಮ ದೇಶದಲ್ಲಿ 1,70,924 ಆತ್ಮಹತ್ಯೆಗಳು ದಾಖಲಾದವು, ಅವರಲ್ಲಿ 13,044 ಮಂದಿ ವಿದ್ಯಾರ್ಥಿಗಳು. ಪತ್ರಿಕೆಯಲ್ಲಿ ‘ಪರೀಕ್ಷೆಯಲ್ಲಿ ಫೇಲಾಗಿದ್ದಕ್ಕೆ’, ‘ಮೊಬೈಲ್ ಕೊಡಿಸದಿದ್ದಕ್ಕೆ’ ಎಂದು ಒಂದು ಸಾಲಿನ ಕಾರಣ ಬರುತ್ತದೆ. ಒಂದೇ ಕಾರಣದಿಂದ ಯಾರೂ ಸಾಯುವುದಿಲ್ಲ. ನಿಮ್ಮ ಹುಡುಗನನ್ನೇ ನೋಡಿ. ಪರೀಕ್ಷೆ ಕೆಟ್ಟಿತು, ಅದಕ್ಕೇ ಮಂಕಾದ ಎಂದು ಮನೆಯವರು ತಿಳಿದಿದ್ದಾರೆ. ಆದರೆ ಪರೀಕ್ಷೆ ಬರೆದದ್ದು ಗೆಳೆಯನನ್ನು ಕಳೆದುಕೊಂಡ ಮೇಲೆ ಎಂದು ನೀವೇ ಬರೆದಿದ್ದೀರಿ. ನಿದ್ದೆ ಕೆಟ್ಟು, ಓದಿದ್ದು ತಲೆಗೆ ಹತ್ತದೆ, ಊಟ ಸೇರದೆ, ಆಟ ಬೇಡವಾಗಿ ವಾರಗಟ್ಟಲೆ ಹೀಗೆಯೇ ಇದ್ದರೆ ಅದು ಖಿನ್ನತೆ ಎಂಬ ಕಾಯಿಲೆ ಇರಬಹುದು. ಪರೀಕ್ಷೆ ಕೆಟ್ಟದ್ದು ಅದರ ಫಲವೇ ಇರಬಹುದು. ಇದು ತಿಳಿದಾಗ ತಂದೆಯಂದಿರ ಮುಖ ಬದಲಾಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಸೋಮಾರಿ ಎಂದುಕೊಂಡ ಮಗ ಕಾಯಿಲೆಯವನು ಎಂದು ಗೊತ್ತಾದರೆ ಬೈಗುಳ ತಾನಾಗಿಯೇ ನಿಲ್ಲುತ್ತದೆ.

ಅದಕ್ಕಿಂತಲೂ ಹೆಚ್ಚಾಗಿ ನನ್ನನ್ನು ಚಿಂತೆಗೀಡುಮಾಡಿದ್ದು ಗೆಳೆಯನ ಸಾವು. ಆಪ್ತರೊಬ್ಬರು ಆತ್ಮಹತ್ಯೆಯಿಂದ ಹೋದಾಗ ಉಳಿದವರಿಗೆ, ಅದರಲ್ಲೂ ಹರೆಯದವರಿಗೆ, ಅಪಾಯ ಹೆಚ್ಚುತ್ತದೆ. ದುಃಖದ ಜೊತೆಗೆ ‘ನಾನು ತಡೆಯಬಹುದಿತ್ತು’ ಎಂಬ ತಪ್ಪಿತಸ್ಥ ಭಾವ ಸೇರಿಕೊಳ್ಳುತ್ತದೆ. ಅಪಘಾತದಲ್ಲಿ ಹೋದವರ ಬಗ್ಗೆ ಊರು ವರ್ಷಗಟ್ಟಲೆ ಮಾತಾಡುತ್ತದೆ, ಆತ್ಮಹತ್ಯೆಯಿಂದ ಹೋದವರ ಹೆಸರನ್ನು ಹದಿಮೂರನೆಯ ದಿನಕ್ಕೇ ಮುಚ್ಚಿಬಿಡುತ್ತದೆ. ಆ ಹುಡುಗ ತನ್ನ ಗೆಳೆಯನ ಬಗ್ಗೆ ಯಾರ ಹತ್ತಿರವಾದರೂ ಒಮ್ಮೆ ಮನಬಿಚ್ಚಿ ಮಾತಾಡಿದ್ದಾನೆಯೇ? ಇಲ್ಲವೆಂದು ನನ್ನ ಊಹೆ. ವರ್ಷಾಂತಿಕ ಹತ್ತಿರ ಬರುತ್ತಿದೆ. ಆ ವಾರ ಅವನನ್ನು ವಿಶೇಷವಾಗಿ ಗಮನಿಸಿ.

ನಿಮಗೂ ಇದೇ ಮಾತು. ಆ ದಿನ ನೀವು ಫೋನ್ ತೆಗೆಯಲಿಲ್ಲ ಎಂಬುದರಿಂದ ಅವನು ಸತ್ತದ್ದಲ್ಲ. ಬಹಳ ದಿನಗಳಿಂದ ಕೂಡಿ ಬಂದ ಹಲವು ಕಾರಣಗಳಲ್ಲಿ ನಿಮ್ಮ ಕಣ್ಣಿಗೆ ಬಿದ್ದದ್ದು ಅದೊಂದೇ, ಆದ್ದರಿಂದ ಅದೇ ದೊಡ್ಡದಾಗಿ ಕಾಣುತ್ತಿದೆ. ಹುಡುಗನನ್ನು ಕರೆತಂದಾಗ ನಿಮ್ಮ ಹೆಸರಿನಲ್ಲೂ ಒಂದು ಚೀಟಿ ಮಾಡಿಸಿ. ಇದು ಉಪಚಾರದ ಮಾತಲ್ಲ.

ಮಲೆನಾಡಿನ ಬದುಕಿಗೆ ತನ್ನದೇ ಆದ ಕೆಲವು ಭಾರಗಳಿವೆ. ಒಂಟಿ ಮನೆ, ನಡುವೆ ತೋಟ, ಗದ್ದೆ, ಕಾಡು. ಆರಿದ್ರಾ, ಪುನರ್ವಸು ಮಳೆ ಹಿಡಿದರೆ ವಾರಗಟ್ಟಲೆ ಕರೆಂಟಿಲ್ಲ, ಮೈದಾನದಲ್ಲಿ ಆಟವಿಲ್ಲ, ಫೋನ್ ಮಾಡಲು ನೆಟ್‌ವರ್ಕ್ ಸಿಗುವ ಗುಡ್ಡ ಹತ್ತಬೇಕು. ಅಡಿಕೆಗೆ ಎಲೆಚುಕ್ಕೆ ರೋಗ ಬಂದ ಮೇಲೆ ಎಷ್ಟೋ ಮನೆಗಳಲ್ಲಿ ಸಾಲದ ಮಾತೇ ಊಟದ ಮಾತು. ಓದಿ ಬೆಂಗಳೂರು ಸೇರಿದವನು ಗೆದ್ದವನು, ಊರಿಗೆ ಮರಳಿದವನು ಸೋತವನು ಎಂಬ ಲೆಕ್ಕಾಚಾರವನ್ನು ನಾವೇ ಬೆಳೆಸಿದ್ದೇವೆ. ಊರಿನಲ್ಲೇ ಉಳಿದ ಹುಡುಗರಿಗೆ ಹೆಣ್ಣು ಕೊಡುವವರಿಲ್ಲ ಎಂಬ ಸಂಕಟ ಬೇರೆ. ಇಪ್ಪತ್ತರ ಹುಡುಗ ಪುಸ್ತಕದ ಚೀಲ ಹೊತ್ತು ಮರಳಿ ಬಂದಾಗ ಬಸ್ಸಿನಿಂದ ಇಳಿದ ಕ್ಷಣದಿಂದಲೇ ಅವನ ಮೇಲೆ ಈ ಲೆಕ್ಕವೆಲ್ಲ ಬೀಳುತ್ತದೆ. ಕುಡಿತ ಇದಕ್ಕೆ ಮದ್ದಿನಂತೆ ತೋರುತ್ತದೆ, ಆದರೆ ಅದು ಖಿನ್ನತೆಯನ್ನು ಆಳ ಮಾಡಿ, ತಡೆಯುವ ವಿವೇಕವನ್ನು ಸಡಿಲಿಸುತ್ತದೆ.

ಚಿಕಿತ್ಸೆಗೆ ಇರುವ ದಾರಿಗಳನ್ನು ಹೇಳುತ್ತೇನೆ. ಇವತ್ತೇ, ಈ ಗಳಿಗೆಯಲ್ಲೇ ಸಿಗುವುದು 14416. ಇದು ಕೇಂದ್ರ ಸರ್ಕಾರದ ಟೆಲಿ ಮನಸ್ ಸಹಾಯವಾಣಿ. 2022ರ ಅಕ್ಟೋಬರ್ 10ರಂದು ಆರಂಭವಾಯಿತು, ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮೊದಲು ತರಬೇತಿ ಪಡೆದ ಆಪ್ತಸಮಾಲೋಚಕರು ಮಾತಾಡುತ್ತಾರೆ, ಅಗತ್ಯವಿದ್ದರೆ ಮನೋವೈದ್ಯರಿಗೆ ಜೋಡಿಸುತ್ತಾರೆ. ಹೇಗೆ ನಡೆದುಕೊಳ್ಳಬೇಕೆಂದು ಕೇಳಲು ನಿಮ್ಮಂಥವರೂ ಕರೆ ಮಾಡಬಹುದು. ಇದರ ಮಿತಿ ಏನೆಂದರೆ ಮನೆಗೆ ಬಂದು ಕೈ ಹಿಡಿಯುವವರು ಅಲ್ಲಿಲ್ಲ. ಜೀವಕ್ಕೆ ಅಪಾಯ ಎದುರಿಗೇ ಇದ್ದರೆ 108 ಅಥವಾ 112. ಹದಿನೆಂಟು ತುಂಬದ ಮಕ್ಕಳಿಗೆ 1098 ಕೂಡ ಇದೆ.

ತಾಲ್ಲೂಕು ಆಸ್ಪತ್ರೆಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮನೋವೈದ್ಯರು ನಿಗದಿತ ದಿನ ಬರುತ್ತಾರೆ. ಮನೋಚೈತನ್ಯ ಎಂದು ಅದರ ಹೆಸರು, ದಿನ ಯಾವುದೆಂದು ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಗೊತ್ತಾಗುತ್ತದೆ. ಹತ್ತಿರವಿದೆ, ಖರ್ಚಿಲ್ಲ. ಆದರೆ ಸಾಲು ಉದ್ದವಿದ್ದಾಗ ಮಾತಿಗೆ ಹೊತ್ತು ಸಾಲದು, ಊರಿನವರ ಕಣ್ಣಿಗೂ ಬೀಳುತ್ತೀರಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ವೈದ್ಯಕೀಯ ಕಾಲೇಜಿನ ಮನೋವೈದ್ಯಕೀಯ ವಿಭಾಗವೇ ಇದೆ, ದಾಖಲಾಗುವ ಸೌಲಭ್ಯವೂ ಇದೆ. ಇಷ್ಟು ತೀವ್ರ ಮಾತು ಆಡಿದ ಹುಡುಗನನ್ನು ಅಂಥ ಕಡೆಗೆ ತರುವುದೇ ಸರಿ ಎಂದು ನಾನು ಹೇಳಿದ್ದು ಇದಕ್ಕೇ. ಶಿವಮೊಗ್ಗದಲ್ಲಿ ಖಾಸಗಿ ಮನೋವೈದ್ಯರೂ ಇದ್ದಾರೆ. ಈ ವಿಷಯದಲ್ಲಿ ನಮ್ಮ ಜಿಲ್ಲೆ ಅದೃಷ್ಟವಂತ. 2016ರಲ್ಲಿ ತೀರಿಕೊಂಡ ಮನೋವೈದ್ಯ ಡಾ. ಅಶೋಕ್ ಪೈ ಅವರು ಮನಸ್ಸಿನ ಕಾಯಿಲೆಯ ಬಗ್ಗೆ ಈ ಊರಿನಲ್ಲೇ ಕುಳಿತು ದಶಕಗಳ ಕಾಲ ಜನರ ಭಾಷೆಯಲ್ಲಿ ಬರೆದರು, ಮಾತಾಡಿದರು. ಶಿವಮೊಗ್ಗಕ್ಕೆ ಮನೋವೈದ್ಯರನ್ನು ಕಾಣಲು ಬರುವುದು ಮಲೆನಾಡಿನವರಿಗೆ ಇವತ್ತಿನ ಹೊಸ ಸಂಗತಿಯೇನೂ ಅಲ್ಲ. ‘ಹುಚ್ಚಾಸ್ಪತ್ರೆ’ ಎಂದು ಹೆದರುವ ಅಪ್ಪಯ್ಯನವರಿಗೆ ಇದನ್ನೂ ಹೇಳಿ.

ಒಳಗೆ ಏನು ನಡೆಯುತ್ತದೆ ಎಂಬುದು ತಿಳಿಯದ ಕಾರಣಕ್ಕೇ ಅರ್ಧ ಭಯ. ಹೊರರೋಗಿ ವಿಭಾಗದಲ್ಲಿ ಚೀಟಿ ಮಾಡಿಸುತ್ತೀರಿ. ವೈದ್ಯರು ಹುಡುಗನೊಬ್ಬನ ಜೊತೆಗೆ ಮೊದಲು ಮಾತಾಡುತ್ತಾರೆ, ಆಮೇಲೆ ಮನೆಯವರನ್ನು ಕರೆಯುತ್ತಾರೆ. ನಿದ್ದೆ, ಊಟ, ಕುಡಿತ, ಓದು, ಮನೆಯಲ್ಲಿ ಹಿಂದೆ ಯಾರಿಗಾದರೂ ಹೀಗಾಗಿತ್ತೇ ಎಂಬುದನ್ನೆಲ್ಲ ಕೇಳುತ್ತಾರೆ. ಥೈರಾಯ್ಡ್‌ನಂಥ ರಕ್ತಪರೀಕ್ಷೆ ಬರೆಯಬಹುದು. ನಾನು ಒಂದು ಹಾಳೆ ಕೊಟ್ಟು ಹುಡುಗರ ಕೈಯಲ್ಲೇ ಬರೆಸುತ್ತೇನೆ. ಸಂಕಟ ಏರುತ್ತಿದೆ ಎಂಬುದಕ್ಕೆ ನನ್ನ ಗುರುತುಗಳೇನು, ಆಗ ಎಲ್ಲಿಗೆ ಎದ್ದು ಹೋಗುತ್ತೇನೆ, ಯಾರ ಮನೆಯ ಬಾಗಿಲು ಬಡಿಯುತ್ತೇನೆ, ಯಾರಿಗೆ ಫೋನ್ ಮಾಡುತ್ತೇನೆ, ಮೊದಲನೆಯವರು ಎತ್ತದಿದ್ದರೆ ಎರಡನೆಯವರು ಯಾರು. ತೀರ್ಥಹಳ್ಳಿ ಕಡೆಯ ಹುಡುಗನೊಬ್ಬ ಅದನ್ನು ನಾಲ್ಕು ಮಡಿಕೆ ಮಾಡಿ ಮೊಬೈಲಿನ ಕವರಿನ ಒಳಗೆ ಇಟ್ಟುಕೊಂಡಿದ್ದ. ಪಟ್ಟಿಯಲ್ಲಿ ಎರಡನೆಯ ಹೆಸರು ಅವನ ಊರಿನ ಹಾಲಿನ ಡೈರಿಯ ಕಾರ್ಯದರ್ಶಿಯದು. ಬೆಳಗ್ಗೆ ಐದಕ್ಕೇ ಎದ್ದಿರುತ್ತಾರೆ, ಯಾಕೆ ಬಂದೆ ಎಂದು ಕೇಳುವುದಿಲ್ಲ, ಅದಕ್ಕೇ ಎಂದ.

ಮಾತ್ರೆಗಳ ಬಗ್ಗೆ ಎರಡು ಮಾತು. ಖಿನ್ನತೆಗೆ ಕೊಡುವ ಮಾತ್ರೆಗಳು ಚಟ ಹಿಡಿಸುವುದಿಲ್ಲ, ಆದರೆ ವೈದ್ಯರನ್ನು ಕೇಳದೆ ಒಮ್ಮೆಲೇ ನಿಲ್ಲಿಸಬಾರದು. ಪರಿಣಾಮ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಇಪ್ಪತ್ತೈದರೊಳಗಿನ ಕೆಲವರಲ್ಲಿ ಶುರುವಿನ ವಾರಗಳಲ್ಲಿ ಚಡಪಡಿಕೆ, ಸಾಯುವ ಯೋಚನೆ ಹೆಚ್ಚಾಗುವ ಸಂಭವವಿದೆ. ಆದ್ದರಿಂದ ಆ ವಾರಗಳಲ್ಲಿ ಮನೆಯವರು ಕಣ್ಣಿಟ್ಟಿರಬೇಕು, ಮಾತ್ರೆಗಳು ಅಮ್ಮನ ಕೈಯಲ್ಲಿರಬೇಕು, ಏನಾದರೂ ಬದಲಾವಣೆ ಕಂಡರೆ ಮುಂದಿನ ದಿನಾಂಕಕ್ಕೆ ಕಾಯದೆ ಬರಬೇಕು. ಎಲ್ಲರಿಗೂ ಮಾತ್ರೆಯೇ ಬೇಕೆಂದಿಲ್ಲ. ಆಪ್ತಸಮಾಲೋಚನೆಯಲ್ಲೇ ಸುಧಾರಿಸುವವರಿದ್ದಾರೆ, ಎರಡೂ ಬೇಕಾಗುವವರಿದ್ದಾರೆ, ಕೆಲವು ದಿನ ದಾಖಲಾಗಬೇಕಾದವರೂ ಇದ್ದಾರೆ.

ತಾಯಿ ನಿಮಿತ್ತ ಕೇಳಿಸುವುದನ್ನು ತಡೆಯಲು ಹೋಗಬೇಡಿ. ಅದು ಅವರ ಸಂಕಟಕ್ಕೆ ಅವರು ಕಂಡುಕೊಂಡ ದಾರಿ. ಚೌಡಿಗೆ ಹರಕೆ ಹೇಳಲಿ, ಮಗನ ಕೈಗೆ ದಾರ ಕಟ್ಟಲಿ. ಆದರೆ ‘ನಲವತ್ತೆಂಟು ದಿನ ಆಗಲಿ, ಆಮೇಲೆ ಡಾಕ್ಟರು’ ಎಂಬ ಮಾತಿಗೆ ಮಾತ್ರ ಒಪ್ಪಬೇಡಿ. ಎರಡೂ ಒಟ್ಟಿಗೇ ನಡೆಯಲಿ. ತಂಗಿಯ ಸಂಬಂಧದ ಮಾತಿಗೆ ಉತ್ತರ ಕೊಡುವುದು ಕಷ್ಟ, ಆ ಭಯಕ್ಕೆ ಆಧಾರವಿಲ್ಲ ಎಂದು ನಾನು ಹೇಳಲಾರೆ. ಹೊರಗಿನವರಿಗೆ ಹೇಳಬೇಕಾಗಿಲ್ಲ, ಆಸ್ಪತ್ರೆಯ ದಾಖಲೆಯನ್ನು ಗುಟ್ಟಾಗಿಡುವ ಹಕ್ಕು ಕಾನೂನಿನಲ್ಲೇ ಇದೆ ಎಂದು ತಿಳಿಸಿ. ಅಪ್ಪಯ್ಯನವರೊಂದಿಗೆ ಮಾತಾಡಲು ಅವರ ವಯಸ್ಸಿನವರು, ಸೊಸೈಟಿಯ ಹಿರಿಯರೋ ಮಾಸ್ತರರೋ ಒಬ್ಬರು ಜೊತೆಗಿದ್ದರೆ ಒಳ್ಳೆಯದು. ನಿಮ್ಮ ಮಾತು ಅವರಿಗೆ ಹುಡುಗರ ಮಾತಾಗಿ ಕೇಳಿಸಬಹುದು.

ಕೊನೆಯದಾಗಿ ನಿಮ್ಮ ಸಂಘದ ಪ್ರಶ್ನೆ. ನನಗೆ ಎಲ್ಲಕ್ಕಿಂತ ಹೆಚ್ಚು ಆಸೆ ಹುಟ್ಟಿಸಿದ್ದು ಇದೇ, ಹಾಗಾಗಿ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ.

ಗಣಪತಿ ಪೆಂಡಾಲಿನಲ್ಲಿ ಒಂದು ಗಂಟೆಯ ಭಾಷಣದಿಂದ ಹೆಚ್ಚೇನೂ ಆಗದು. ಮೈಕಿನಲ್ಲಿ ಆ ಹುಡುಗನ ಹೆಸರೋ, ಅವನು ಹೇಗೆ ಸತ್ತ ಎಂಬುದೋ ಬಂದರೆ ಕೆಡುಕೇ ಆಗಬಹುದು. ‘ಸಹಾಯ ಕೇಳಿ’ ಎಂದು ಗೋಡೆಗೆ ಭಿತ್ತಿಪತ್ರ ಅಂಟಿಸಿ ಕೈ ತೊಳೆದುಕೊಳ್ಳುವುದನ್ನೂ ನಾನು ಒಪ್ಪುವುದಿಲ್ಲ. ಅದು ಎಲ್ಲ ಭಾರವನ್ನೂ ಅತ್ಯಂತ ದಣಿದವನ ಹೆಗಲಿಗೆ ಹಾಕುತ್ತದೆ. ಖಿನ್ನತೆಯಲ್ಲಿರುವ ಹುಡುಗ ಒಬ್ಬನೇ ಶಿವಮೊಗ್ಗಕ್ಕೆ ಹೋಗಬೇಕೆಂದರೆ ಏನೇನು ಮಾಡಬೇಕು ಎಂದು ಯೋಚಿಸಿ. ಬೆಳಗಿನ ಬಸ್ಸಿಗೆ ಏಳಬೇಕು, ಅಪ್ಪಯ್ಯನ ಹತ್ತಿರ ದುಡ್ಡು ಕೇಳಬೇಕು, ಯಾಕೆಂದು ಹೇಳಬೇಕು. ಬಸ್ ಸ್ಟ್ಯಾಂಡಿನಲ್ಲಿ ಒಬ್ಬರು, ಬಸ್ಸಿನಲ್ಲಿ ನಾಲ್ವರು, ಕೊನೆಗೆ ಕಂಡಕ್ಟರೂ ‘ಎಲ್ಲಿಗೆ ಹೊರಟೆ?’ ಎಂದು ಕೇಳುತ್ತಾರೆ. ಪ್ರೀತಿಯಿಂದಲೇ ಕೇಳುತ್ತಾರೆ, ನಮ್ಮ ಕಡೆಯ ವಾಡಿಕೆಯೇ ಅದು. ಎರಡನೆಯ ಸಲಕ್ಕೇ ಅವನು ಬಸ್ಸಿನಿಂದ ಇಳಿದು ಮನೆಗೆ ಮರಳುತ್ತಾನೆ. ಪಕ್ಕದಲ್ಲಿ ನೀವು ಕುಳಿತು ‘ಶಿವಮೊಗ್ಗದಲ್ಲಿ ಸ್ವಲ್ಪ ಕೆಲಸ, ಇವನನ್ನೂ ಕರೆದುಕೊಂಡು ಹೊರಟೆ’ ಎಂದು ಉತ್ತರ ಕೊಟ್ಟರೆ ಅವನು ಬಾಯಿ ಬಿಡಬೇಕಾಗಿಲ್ಲ. ಸಹಾಯ ಕೇಳು ಎಂದು ಹೇಳುವುದಕ್ಕಿಂತ ಜೊತೆಯಲ್ಲಿ ಹೋಗುವ ಒಬ್ಬರು ಸಿದ್ಧವಿರುವುದು ಮೇಲು. ಇದು ಸಂಘದ ಕೈಯಲ್ಲಿ ಆಗುವ ಕೆಲಸ.

ಯುವಕರೇ ಯುವಕರ ನಡುವೆ ಮಾತಾಡುವುದರ ಶಕ್ತಿಯನ್ನು ಯುರೋಪಿನ ಹತ್ತು ದೇಶಗಳಲ್ಲಿ ಹನ್ನೊಂದು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ ಮೇಲೆ ನಡೆಸಿದ ಅಧ್ಯಯನವೊಂದು 2015ರಲ್ಲಿ ತೋರಿಸಿತು. ಶಿಕ್ಷಕರಿಗೆ ಮಾತ್ರ ತರಬೇತಿ ಕೊಟ್ಟ ಶಾಲೆಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಮಕ್ಕಳೇ ಕೂತು ಒತ್ತಡ, ಜಗಳ, ಸೋಲು, ಸಾವಿನ ಯೋಚನೆಗಳ ಬಗ್ಗೆ ಚರ್ಚಿಸಿ, ಸನ್ನಿವೇಶಗಳನ್ನು ಅಭಿನಯಿಸಿ ನೋಡಿದ ಶಾಲೆಗಳಲ್ಲಿ ಒಂದು ವರ್ಷದ ನಂತರ ಆತ್ಮಹತ್ಯೆಯ ಪ್ರಯತ್ನಗಳು ಸುಮಾರು ಅರ್ಧಕ್ಕೆ ಇಳಿದಿದ್ದವು. ಯಕ್ಷಗಾನ ನೋಡಿ ಬೆಳೆದ ಹುಡುಗರಿಗೆ ಪಾತ್ರ ವಹಿಸುವುದನ್ನು ನಾನು ಹೇಳಿಕೊಡಬೇಕಾಗಿಲ್ಲ. ಭಾಷಣದ ಬದಲು ಹತ್ತು ಹನ್ನೆರಡು ಮಂದಿ ಕೂತು, ಒಬ್ಬ ಕುಗ್ಗಿದ ಗೆಳೆಯನಾಗಿ, ಇನ್ನೊಬ್ಬ ಅವನನ್ನು ಮಾತಾಡಿಸುವವನಾಗಿ ಅಭ್ಯಾಸ ಮಾಡಿ. ನಡೆಸಿಕೊಡಲು ಯುವ ಸ್ಪಂದನದವರನ್ನು ಕೇಳಿ. ಇದು ರಾಜ್ಯದ ಯುವಜನ ಇಲಾಖೆ ಮತ್ತು ನಿಮ್ಹಾನ್ಸ್ ಸೇರಿ ನಡೆಸುವ ಕಾರ್ಯಕ್ರಮ, ಜಿಲ್ಲಾ ಕೇಂದ್ರದಲ್ಲಿ ವಿಚಾರಿಸಿದರೆ ತರಬೇತಿ ಪಡೆದ ಯುವಕರೇ ಬರುತ್ತಾರೆ.

ನಿಮ್ಮ ಪತ್ರದಲ್ಲಿ ಹುಡುಗಿಯರ ಮಾತೇ ಇಲ್ಲ. ಅವರಿಗೆ ವಾಲಿಬಾಲ್ ಮೈದಾನವೂ ಇಲ್ಲ, ಸಂಘವೂ ಇಲ್ಲ. ಪ್ರೀತಿಯ ವಿಷಯ ಮನೆಯಲ್ಲಿ ಗೊತ್ತಾದ ದಿನ ಫೋನ್ ಕಿತ್ತುಕೊಂಡು, ಕಾಲೇಜು ಬಿಡಿಸಿ, ಗಂಡು ನೋಡಲು ಶುರುಮಾಡುವ ಮನೆಗಳಲ್ಲಿ ಆ ಹುಡುಗಿ ಯಾರ ಹತ್ತಿರ ಹೋಗಬೇಕು? ನಮ್ಮ ದೇಶದ ಯುವತಿಯರ ಸಾವಿನ ಪ್ರಮುಖ ಕಾರಣಗಳಲ್ಲಿ ಆತ್ಮಹತ್ಯೆ ಒಂದು. ಆಶಾ ಕಾರ್ಯಕರ್ತೆಯನ್ನು, ಸ್ತ್ರೀಶಕ್ತಿ ಸಂಘದ ಒಬ್ಬಿಬ್ಬರನ್ನು, ನಂಬಿಕೆಯ ಅಕ್ಕನೊಬ್ಬಳನ್ನು ಈ ಕೆಲಸಕ್ಕೆ ಸೇರಿಸಿಕೊಳ್ಳದೆ ನೀವು ಮುಂದುವರಿಯಬಾರದು.

ಅಪಾಯಗಳನ್ನೂ ತಿಳಿದಿರಿ. ಸಂಘದ ವಾಟ್ಸಾಪ್ ಗುಂಪಿನಲ್ಲಿ ಹುಡುಗನ ವಿಷಯ ಒಂದು ಅಕ್ಷರವೂ ಬರಬಾರದು. ಗೊತ್ತಿರಬೇಕಾದವರು ಇಬ್ಬರೋ ಮೂವರೋ ಸಾಕು. ಕಾವಲಿನ ಹಾಗೆ ಸರದಿಯಲ್ಲಿ ಹಿಂದೆ ಬೀಳಬೇಡಿ, ಅವನಿಗೆ ಅವಮಾನವಾಗುತ್ತದೆ. ಮುಂದೆಂದಾದರೂ ಊರಿನಲ್ಲಿ ಇಂಥ ಸಾವು ಸಂಭವಿಸಿದರೆ ವೃತ್ತದಲ್ಲಿ ದೊಡ್ಡ ಫ್ಲೆಕ್ಸ್, ಹಾಡು ಸೇರಿಸಿದ ಸ್ಟೇಟಸ್, ‘ಕೊನೆಗೂ ನೆಮ್ಮದಿ ಸಿಕ್ಕಿತು’ ಎಂಬಂಥ ಸಾಲುಗಳು ಬೇಡ. ಅದೇ ನೋವಿನಲ್ಲಿರುವ ಇನ್ನೊಬ್ಬ ಹುಡುಗ ಅದನ್ನು ಓದುತ್ತಿರುತ್ತಾನೆ. ಸತ್ತವನ ಮನೆಗೆ ಹೋಗಿ, ಗದ್ದೆ ನೆಡುವ ದಿನ ಆಳಾಗಿ ನಿಲ್ಲಿ, ಅವನ ಹೆಸರು ಹೇಳಿ ಮಾತಾಡಿ. ಅದು ಬೇಕು.

ಆಸ್ಪತ್ರೆಯಿಂದ ಮರಳಿದ ಮೇಲೆಯೇ ಊರಿನ ಕೆಲಸ ಹೆಚ್ಚು. ಚೆನ್ನೈ, ಕೊಲಂಬೊ ಸೇರಿದಂತೆ ಐದು ದೇಶಗಳ ಐದು ಊರುಗಳಲ್ಲಿ, ಪ್ರಯತ್ನಿಸಿ ಬದುಕುಳಿದ 1,867 ಮಂದಿಯಲ್ಲಿ ಒಂದು ಗುಂಪಿಗೆ ಎಂದಿನ ಚಿಕಿತ್ಸೆ ಕೊಟ್ಟರು, ಇನ್ನೊಂದು ಗುಂಪಿನವರ ಜೊತೆ ಒಂದು ಗಂಟೆ ಮಾತಾಡಿ, ಹದಿನೆಂಟು ತಿಂಗಳಲ್ಲಿ ಒಂಬತ್ತು ಸಲ ಫೋನ್ ಮಾಡಿಯೋ ಮನೆಗೆ ಹೋಗಿಯೋ ‘ಹೇಗಿದ್ದೀರಿ’ ಎಂದು ವಿಚಾರಿಸಿದರು. ಮೊದಲ ಗುಂಪಿನಲ್ಲಿ ಶೇಕಡ 2.2 ಮಂದಿ ಆತ್ಮಹತ್ಯೆಯಿಂದ ತೀರಿಕೊಂಡರೆ ಎರಡನೆಯ ಗುಂಪಿನಲ್ಲಿ ಶೇಕಡ 0.2. ವಿಚಾರಿಸಿದವರು ತರಬೇತಿ ಪಡೆದವರು ನಿಜ, ಆದರೆ ನೆನಪಿಟ್ಟುಕೊಂಡು ಮತ್ತೆ ಮತ್ತೆ ಬಾಗಿಲಿಗೆ ಹೋಗುವುದನ್ನು ಊರು ಇವತ್ತೇ ಶುರುಮಾಡಬಹುದು. ಮೊದಲ ತಿಂಗಳು ವಾರಕ್ಕೆರಡು ಸಲ, ಆಮೇಲೆ ಅಂತರ ಹೆಚ್ಚಿಸಿದರೂ ಒಂದೂವರೆ ವರ್ಷ ಬಿಡದೆ ಹೋಗಿ. ಮಾತು ಅದರ ಬಗ್ಗೆಯೇ ಇರಬೇಕೆಂದಿಲ್ಲ. ಅಡಿಕೆ ಸುಲಿಯಲು ಕರೆಯಿರಿ, ಬಾಕಿ ವಿಷಯಗಳ ಅರ್ಜಿ ತುಂಬಲು ಜೊತೆಗೆ ಕೂಡಿ, ಸಂಜೆ ನೆಟ್ ಕಟ್ಟಲು ಕೂಗಿ. ಬಾರದಿದ್ದರೆ ಒತ್ತಾಯ ಬೇಡ, ನಾಳೆ ಮತ್ತೆ ಕರೆಯಿರಿ.

ಸಂಘದ ಮುಂದಿನ ಸಭೆಯಲ್ಲಿ ಯಾರ ಹೆಸರನ್ನೂ ಎತ್ತದೆ ಇಷ್ಟನ್ನು ನಿಶ್ಚಯಿಸಿ. ನಡುರಾತ್ರಿ ಯಾರ ಜೀಪು ಹೊರಡುತ್ತದೆ, ಅದರ ಡೀಸೆಲ್ಲಿಗೆ ಗಣಪತಿ ನಿಧಿಯಿಂದ ಎಷ್ಟು ತೆಗೆದಿಡುವುದು, ನೆಟ್‌ವರ್ಕ್ ಇಲ್ಲದ ಮನೆಯಿಂದ ಯಾರಿಗೆ ಸುದ್ದಿ ಮುಟ್ಟಿಸುವುದು, ಆಸ್ಪತ್ರೆಯಲ್ಲಿ ರಾತ್ರಿ ಕೂರುವವರು ಯಾರು. 2025ರ ಜುಲೈನಲ್ಲಿ ಶರಾವತಿ ಹಿನ್ನೀರಿನ ಮೇಲೆ ಅಂಬಾರಗೋಡ್ಲು ಕಳಸವಳ್ಳಿ ಸೇತುವೆ ತೆರೆಯುವವರೆಗೆ ತುಮರಿ ಕಡೆಯವರು ಲಾಂಚ್ ನಿಂತ ಮೇಲೆ ಕಾಯಿಲೆಯವರನ್ನು ಇಟ್ಟುಕೊಂಡು ಬೆಳಗಿನವರೆಗೆ ಕಾದ ರಾತ್ರಿಗಳಿದ್ದವು. ದಾರಿ ಈಗ ಇದೆ. ವಾಹನ ಯಾರದು, ಜೊತೆಗೆ ಯಾರು ಎಂಬುದನ್ನು ಸಭೆಯ ಪುಸ್ತಕದಲ್ಲಿ ಬರೆದು, ಫೋನ್ ನಂಬರುಗಳ ಒಂದು ಪ್ರತಿಯನ್ನು ಆಶಾ ಕಾರ್ಯಕರ್ತೆಗೆ, ಇನ್ನೊಂದನ್ನು ಹಾಲಿನ ಡೈರಿಗೆ ಕೊಡಿ. ನಮ್ಮ ವಿಭಾಗಕ್ಕೆ ಬರುವಾಗ ಆ ಪಟ್ಟಿಯನ್ನೂ ತನ್ನಿ, ಹುಡುಗನ ಹಾಳೆಯಲ್ಲಿ ಬರೆಯಲು ಬೇಕಾಗುತ್ತದೆ.